ಸ್ಟಿಕ್ಕರಿನಡಿಯ ನೀಲಿ

ಅಂಗೈ ಇಟ್ಟು ಒಮ್ಮೆ ಸವರಿದರೆ ಸಾಕು,
ಬಿಳಿ ಹಿಟ್ಟು.
ಮಗ್ಗಿ ಬರೆದು ಒರೆಸಿದ ಹಲಗೆ ಮುಟ್ಟಿದ ಹಾಗೆ.
ಇಪ್ಪತ್ತೆರಡು ಬೇಸಿಗೆ ಈ ದೋಣಿಯ ಮೈಮೇಲೆ ಕೂತು
ನೀಲಿಯನ್ನು ನೆಕ್ಕಿ ನೆಕ್ಕಿ ಮುಗಿಸಿವೆ.
ಉಳಿದದ್ದಕ್ಕೆ ಬಣ್ಣವೆಂದು ಹೆಸರಿಡುವುದಾದರೆ
ನೂರು ಸಲ ಒಗೆದ ಲುಂಗಿಯ ಬಣ್ಣ.

ಉಮ್ ಅಲ್ ಕ್ವೈನ್, ಖೋರಿನ ದಂಡೆ,
ತಗಡಿನ ಮಾಡು, ಎರಡು ಟ್ಯೂಬ್‌ಲೈಟು.
ಆಗಸ್ಟಿನಲ್ಲಿ ಹಗಲು ಈ ಕೆಲಸ ಆಗದು.
ಫೈಬರು ಕಾವಲಿಯಂತೆ ಕಾದು
ಹಚ್ಚುವ ಮೊದಲೇ ಪಾಲಿಶು ಒಣಗಿರುತ್ತದೆ.
ಇಶಾ ನಮಾಜು ಮುಗಿದ ಮೇಲೆ ನಮಗೆ ಬೆಳಗು.
ನಾನು ಗಂಗೊಳ್ಳಿಯವ,
ಬಕೆಟ್ಟು ಹಿಡಿದ ಮೊಫಿಜುಲ್ ಚಿತ್ತಗಾಂಗಿನವ.
ನಡುವೆ ಹರಕು ಹಿಂದಿ,
ಮತ್ತು ಮರಳುಕಾಗದದ ನಂಬರುಗಳು.

ನಾಲ್ಕುನೂರು. ನೀರು ಬಿಡು.
ಎಂಟುನೂರು. ನೀರು.
ಸಾವಿರದೈನೂರು. ಸಾಕು, ಇನ್ನು ಕೈ ಹಗುರ ಮಾಡು.
ನಂಬರು ಏರಿದಷ್ಟೂ ಒರಟು ಇಳಿಯುತ್ತದೆ ನೋಡು, ಎಂದೆ.
ಸಂಬಳದಲ್ಲೂ ಹೀಗೇನಾ ಭಾಯಿ?
ಗೊತ್ತಿಲ್ಲ ಮಾರಾಯ, ಏರಿದ್ದು ಕಂಡಿಲ್ಲ.

ಅಪ್ಪ ಮರದ ದೋಣಿಗೆ ಗೇರೆಣ್ಣೆ ಬಳಿಯುತ್ತಿದ್ದ.
ಕಪ್ಪು ಎಣ್ಣೆ, ಬೆರಳ ಸಂದಿಯೆಲ್ಲ ಬೊಬ್ಬೆ.
ಮರ ಅದನ್ನು ಗಟಗಟ ಕುಡಿದು
ಇನ್ನೂ ಹುಯ್ಯಿ ಎನ್ನುತ್ತಿತ್ತು.
ಫೈಬರು ಏನನ್ನೂ ಕುಡಿಯುವುದಿಲ್ಲ.
ಇಲ್ಲಿ ಹಚ್ಚುವುದು ಕಟ್ಟಕಡೆಗೆ, ಅದೂ ಒಂದು ಚಿಟಿಕೆ ಮೇಣ.
ಅಲ್ಲಿಯವರೆಗೂ ತೆಗೆಯುವುದೇ ತೆಗೆಯುವುದು.
ಸತ್ತ ಪದರದ ಕೆಳಗೆ ಹೊಳಪು ಇದ್ದರೆ ಇದೆ,
ಇಲ್ಲದಿದ್ದರೆ ಗಾಜಿನ ನೂಲು ಹಲ್ಲು ಕಿರಿಯುತ್ತದೆ.
ಹಳೇ ಮೇಸ್ತ್ರಿ ಪೌಲೋಸ್ ಕಲಿಸಿದ್ದು ಒಂದೇ ಮಾತು:
ಅರ್ಧ ಮಿಲ್ಲಿಮೀಟರು ನಿನ್ನ ಬಂಡವಾಳ,
ಮುಟ್ಟಿದೆಯೋ, ದಿವಾಳಿ.

ಮೂರನೇ ರಾತ್ರಿ
ನೋಂದಣಿಯ ಸ್ಟಿಕ್ಕರಿಗೆ ಹೇರ್‌ಡ್ರೈಯರು ಹಿಡಿದು
ಉಗುರಲ್ಲಿ ಮೂಲೆ ಎಬ್ಬಿಸಿ ಎಳೆದೆ.
ಅಡಿಯಲ್ಲಿ ಒಂದು ಮೊಳ ನೀಲಿ.
ಆ ನೀಲಿಯೊಳಗೆ ಇನ್ನೂ ಕಡುನೀಲಿ,
ಬಿಸಿಲೆಂಬುದೊಂದಿದೆ ಎಂದೇ ತಿಳಿಯದ ನೀಲಿ,
ನಾಲ್ಕು ಅರಬ್ಬಿ ಅಕ್ಷರ.
ಯಾರೋ ಮೊದಲು ಅಂಟಿಸಿ, ಆಮೇಲೆ ಕಿತ್ತು,
ಕಿತ್ತ ಜಾಗದ ಮೇಲೆ ಸರಕಾರದ ನಂಬರು ಮುಚ್ಚಿದ್ದರು.

ಮೊಫಿಜುಲ್ ಮದರಸಾ ಓದಿದವ. ಬಾಗಿ ಕೂಡಿಸಿದ:
ಮೀಮ್, ವಾವ್, ಝಾ... ಮೋಝಾ.
ಅರೆ! ಬಾಳೆಹಣ್ಣು!
ಗ್ರೋಸರಿಯಲ್ಲಿ ದಿನಾ ಕೇಳುವ ಶಬ್ದ.
ಬಕೆಟ್ಟು ಮಗುಚುವಷ್ಟು ನಕ್ಕೆವು.

ಮರುದಿನ ಸಂಜೆ ಅರ್ಬಾಬ್ ಖಲ್ಫಾನ್ ಬಂದ,
ಎಷ್ಟಕ್ಕೆ ಹೋದೀತು ಎಂದು ನೋಡಲು.
ದೋಣಿ ಸುತ್ತು ಹಾಕಿದವನು ಅಲ್ಲಿ ನಿಂತ.
ಕನ್ನಡಕ ತೆಗೆದು ಕಂದೂರದ ತುದಿಗೆ ಒರೆಸಿ ಮತ್ತೆ ಹಾಕಿಕೊಂಡ.
ಮೊಫಿಜುಲ್ ಬಾಯಿ ತೆರೆಯುವುದಕ್ಕೆ ಮೊದಲೇ
ಹಣ್ಣಲ್ಲ, ಎಂದ. ಮುತ್ತು. ದೊಡ್ಡ ಮುತ್ತು.
ಯಾರ ಹೆಸರೆಂದು ನಾವು ಕೇಳಲಿಲ್ಲ,
ಅವನೂ ಹೇಳಲಿಲ್ಲ.
ಹೋಗುತ್ತದೆಯೇ ಇದು?
ಎರಡು ದಿನ ಉಜ್ಜಿದರೆ ಹೋಗುತ್ತದೆ, ಅರ್ಬಾಬ್.
ಖೋರಿನಾಚೆ ಕೆಸರಲ್ಲಿ ಒಂಟಿಕಾಲಿನ ಹಕ್ಕಿಗಳು.
ಅವುಗಳನ್ನು ಎಣಿಸುವವನಂತೆ ಅಷ್ಟು ಹೊತ್ತು ನಿಂತು,
ಹಾಗಾದರೆ, ಎಂದ,
ಒಂದು ದಿನ ಉಜ್ಜು.

ಶುಕ್ರವಾರ ಕೊಳ್ಳುವವನು ಅಜ್ಮಾನಿನಿಂದ ಬಂದ.
ದೋಣಿಯ ಬದಿಯಲ್ಲಿ ತನ್ನ ಮುಖ ಕಂಡು
ಮೀಸೆ ತೀಡಿಕೊಂಡ.
ಹೊಳಪು ಚೆನ್ನಾಗಿದೆ ಎಂದು ಐನೂರು ದಿರಹಂ ಇಳಿಸಿದ.
ಅಕ್ಷರ ಕಾಣಲಿಲ್ಲ ಅವನಿಗೆ.
ಎದುರು ನಿಂತರೆ ಕಾಣುವುದಿಲ್ಲ ಅದು,
ಬೆಳಕು ಓರೆಯಾಗಿ ಬಿದ್ದಾಗ
ಮಂಡಿಯೂರಿ ಕೂತವನಿಗೆ ಮಾತ್ರ,
ಅಂದರೆ ಉಜ್ಜುವವನಿಗೆ.

ಟ್ರೇಲರು ಹೊರಟಿತು.
ಬಕೆಟ್ಟಿನ ತಳದಲ್ಲಿ ಹಾಲು ಬೆರೆತಂಥ ನೀಲಿ ನಿಂತಿತ್ತು.
ಮೊಫಿಜುಲ್ ಅದನ್ನು ಮರಳಿಗೆ ಸುರಿದು
ಹೊಸ ನೀರು ತರಲು ಹೋದ.
ಮುಂದಿನ ದೋಣಿ ಕೆಂಪು.